ವಾಹನಲೇಪಗಳ ಬಾಳಿಕೆಯ ಪರೀಕ್ಷೆ

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಒಂದು ಪ್ರಕರಣವುಂಟು. ಬಲಿಯದ ತೂಬರೆಕಾಯಿ, ಬೇಲದ ಕಾಯಿ, ಬೂರುಗದ ಹೂವು, ಬಜೆ ಮೊದಲಾದುವನ್ನು ನೀರಿನಲ್ಲಿಟ್ಟು ಎಂಟರಲ್ಲೊಂದು ಪಾಲು ಉಳಿಯುವಂತೆ ಕಾಯಿಸಬೇಕು. ಆ ಕಷಾಯಕ್ಕೆ ಗುಗ್ಗುಳ, ಗೇರು, ರಾಳ, ಅಗಸೆ, ಬಿಲ್ವ ಮುಂತಾದುವುಗಳ ಕಲ್ಕವನ್ನು ಬೆರೆಸಬೇಕು. ಬಿಸಿಯಾಗಿರುವಾಗಲೇ ಅದನ್ನು ದೇವಾಲಯ, ಉಪ್ಪರಿಗೆ, ಲಿಂಗ, ಪ್ರತಿಮೆ, ಗೋಡೆ, ಬಾವಿಗಳಿಗೆ ಬಳಿಯಬೇಕು ಎಂದು ಅಲ್ಲಿ ವಿಧಿಸಿದೆ. ಹೀಗೆ ಬಳಿದ ಲೇಪವು ಸಾವಿರದ ಹತ್ತುಸಾವಿರ ಪಟ್ಟು, ಎಂದರೆ ಒಂದು ಕೋಟಿ ವರ್ಷ, ನಿಲ್ಲುವುದೆಂಬುದು ಗ್ರಂಥಕಾರನ ಮಾತು. ಆರನೆಯ ಶತಮಾನದ ಈ ಮಾತನ್ನು ಅತಿಶಯೋಕ್ತಿಯೆಂದು ಕೊಳ್ಳುವುದೇ ನ್ಯಾಯ. ಆದರೆ ಇಂದು ಮೋಟಾರು ಬಂಡಿಗಳ ಮೈಗೆ ಹಚ್ಚುವ ಸೆರಾಮಿಕ್ ಲೇಪದ ಸೀಸೆಯ ಮೇಲೆ ‘ಮೂರು ವರ್ಷ’, ‘ಐದು ವರ್ಷ’ ಎಂದು ಅಚ್ಚಾಗಿರುವಾಗ ಅದು ಅಲಂಕಾರವಲ್ಲ, ಪ್ರತಿಜ್ಞೆ. ಕೊಳ್ಳುವವನು ಅದನ್ನು ನಂಬಿ ಹಣ ತೆರುತ್ತಾನೆ. ಪ್ರತಿಜ್ಞೆಗೆ ಹೇತು ಬೇಕೆಂಬುದು ನಮ್ಮ ತಾರ್ಕಿಕರ ನಿಯಮ. ಆ ಹೇತುವನ್ನು ಪ್ರಯೋಗಜ್ಞರು ಹೇಗೆ ಸಂಪಾದಿಸುವರು, ಸಂಪಾದಿಸಿದ ಹೇತುವು ಎಷ್ಟರಮಟ್ಟಿಗೆ ನಿಲ್ಲುವುದು ಎಂಬುದನ್ನು ವಿಚಾರಿಸುವುದೇ ಪ್ರಕೃತ ವಿಷಯ.

ಪ್ರಶ್ನೆಯು ಮೇಲುನೋಟಕ್ಕೆ ಕೇವಲ ರಸಾಯನಶಾಸ್ತ್ರಕ್ಕೆ ಸೇರಿದುದೆಂದು ತೋರಬಹುದು. ಆದರೆ ಅದರ ಮೊದಲ ತೊಡಕು ಶಬ್ದಾರ್ಥಕ್ಕೆ ಸಂಬಂಧಿಸಿದುದು. ‘ಬಾಳಿಕೆ’ಯೆಂಬುದು ‘ಬಾಳ್’ ಧಾತುವಿನಿಂದ ಬಂದ ಭಾವನಾಮ. ಬಾಳಿಗೆ ಒಂದು ಕೊನೆಯಿರಲೇಬೇಕು. ಪ್ರಾಣಿಯ ಬಾಳು ಎಂದು ಮುಗಿಯಿತೆಂಬುದರಲ್ಲಿ ವಿವಾದವಿಲ್ಲ. ಲೇಪದ ಬಾಳು ಎಂದು ಮುಗಿಯಿತು? ಹೊಳಪು ಅರ್ಧಕ್ಕೆ ಇಳಿದಾಗಲೋ, ಬಣ್ಣ ಮಾಸಿದಾಗಲೋ, ಬಿರುಕು ಕಾಣಿಸಿದಾಗಲೋ, ಪದರವೆದ್ದು ಬಂದಾಗಲೋ, ಕೆಳಗಿನ ಉಕ್ಕು ತುಕ್ಕು ಹಿಡಿದಾಗಲೋ? ಇವೆಲ್ಲವೂ ಒಂದೇ ದಿನ ಸಂಭವಿಸತಕ್ಕವಲ್ಲ. ಹೊಳಪಿನಿಂದ ಅಳೆದರೆ ಅಲ್ಪಾಯುವಾದ ಲೇಪವು ತುಕ್ಕಿನಿಂದ ಅಳೆದಾಗ ದೀರ್ಘಾಯುವಾಗಿರಬಹುದು. ಯಾವ ಗುಣವು ಯಾವ ಮಟ್ಟಕ್ಕೆ ಇಳಿದಾಗ ಲೇಪವು ಸತ್ತಿತೆಂದು ಎಣಿಸಬೇಕೆಂಬುದನ್ನು ಮೊದಲು ಗೊತ್ತುಮಾಡದೆ ವರ್ಷಗಳ ಸಂಖ್ಯೆಯನ್ನು ಹೇಳುವುದು, ಯಾವ ವಿಷಯದ ಪರೀಕ್ಷೆಯೆಂಬುದನ್ನು ತಿಳಿಸದೆ ಬಂದ ಅಂಕಗಳನ್ನು ಮಾತ್ರ ಓದಿದಂತೆ. ಇದಕ್ಕೆ ಪ್ರತಿಯಾಗಿ, ಅರ್ಥವು ನಿಷ್ಕೃಷ್ಟವಾಗಿರುವ ಲೇಪವೊಂದು ನಮ್ಮ ನಾಡಿನಲ್ಲಿಯೇ ಉಂಟು. ೧೯೩೭ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು ೧೯೬೨ರಿಂದ ಚುನಾವಣೆಗಳಿಗೆ ಒದಗಿಸುತ್ತ ಬಂದಿರುವ ಅಳಿಸಲಾಗದ ಶಾಯಿಯು ಉಗುರು ಬೆಳೆದು ಹೋಗುವವರೆಗೆ ನಿಂತರೆ ಸಾಕು. ಅದಕ್ಕಿಂತ ಒಂದು ದಿನ ಹೆಚ್ಚು ನಿಲ್ಲಬೇಕೆಂದು ಯಾರೂ ಕೇಳುವುದಿಲ್ಲ. ಬಂಡಿಯ ಲೇಪಕ್ಕೆ ಇಂಥ ನಿಷ್ಕೃಷ್ಟವಾದ ಕೊನೆಯು ತಾನಾಗಿ ದೊರೆಯುವುದಿಲ್ಲ.

ಎರಡನೆಯ ತೊಡಕು ಕಾಲದ್ದು. ಐದು ವರ್ಷದ ಬಾಳಿಕೆಯನ್ನು ಪ್ರತ್ಯಕ್ಷವಾಗಿ ತಿಳಿಯಬೇಕಾದರೆ ಐದು ವರ್ಷ ಕಾಯಬೇಕು. ಕಾದು ಮುಗಿಯುವ ಹೊತ್ತಿಗೆ ಲೇಪದ ಪಾಕವೇ ಬದಲಾಗಿರುತ್ತದೆ. ಪರೀಕ್ಷೆಯಲ್ಲಿ ಗೆದ್ದ ವಸ್ತುವು ಅಂಗಡಿಯಲ್ಲಿರುವುದಿಲ್ಲ, ಅಂಗಡಿಯಲ್ಲಿರುವ ವಸ್ತುವು ಪರೀಕ್ಷೆಗೆ ಒಳಗಾಗಿರುವುದಿಲ್ಲ. ಆದುದರಿಂದ ಕಾಲವನ್ನು ಹಿಂಡಿ ಚಿಕ್ಕದು ಮಾಡುವ ಉಪಾಯಗಳನ್ನು ಹುಡುಕಬೇಕಾಯಿತು. ಈ ಶಾಸ್ತ್ರದ ಚರಿತ್ರೆಯೆಲ್ಲ ಆ ಹಿಂಡುವಿಕೆಯ ಚರಿತ್ರೆಯೆಂದರೂ ಸಲ್ಲುತ್ತದೆ.

ವರಾಹಮಿಹಿರನ ದ್ರವ್ಯಗಳಲ್ಲಿ ಅಗಸೆಯೂ ರಾಳವೂ ಸೇರಿರುವುದು ಗಮನಾರ್ಹ. ಹದಿಮೂರು ಶತಮಾನಗಳ ಅನಂತರ ಯೂರೋಪು ಅಮೆರಿಕಗಳಲ್ಲಿ ಕುದುರೆಗಾಡಿಗಳಿಗೆ ಹಚ್ಚುತ್ತಿದ್ದ ಮೆರುಗೆಣ್ಣೆಯೂ ಮುಖ್ಯವಾಗಿ ಅಗಸೆಯೆಣ್ಣೆಯಲ್ಲಿ ಗಟ್ಟಿಯಾದ ರಾಳವನ್ನು ಕರಗಿಸಿ ಮಾಡಿದುದೇ. ಒಂದರಿಂದ ಇನ್ನೊಂದು ಹುಟ್ಟಿತೆಂದು ಇದರ ಅರ್ಥವಲ್ಲ. ಗಾಳಿಯಲ್ಲಿ ಒಣಗಿ ಗಟ್ಟಿಯಾಗುವ ಎಣ್ಣೆಗಳು ಎಲ್ಲ ದೇಶದ ಕುಶಲಿಗಳ ಕಣ್ಣಿಗೂ ಬಿದ್ದಿದ್ದುವು. ಮೊದಲ ಮೋಟಾರು ಬಂಡಿಗಳು ಈ ಮೆರುಗೆಣ್ಣೆಯನ್ನೇ ಕುದುರೆಗಾಡಿಯಿಂದ ಆಸ್ತಿಯಾಗಿ ಪಡೆದುವು. ಪದರದ ಮೇಲೆ ಪದರ ಬಳಿದು, ಒಣಗಿಸಿ, ಉಜ್ಜಿ ಮುಗಿಸುವುದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಬಿಸಿಲಿನಲ್ಲಿ ಹೊಳಪು ಬೇಗ ಹೋಗುತ್ತಿತ್ತು. ಹೆನ್ರಿ ಫೋರ್ಡನ ಮಾಡೆಲ್ ಟಿ ಬಂಡಿಯು ೧೯೧೪ರಿಂದ ೧೯೨೫ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿದ್ದುದು ಪ್ರಸಿದ್ಧವಾದ ಸಂಗತಿ. ನೆಲದ ಡಾಂಬರಿನಂಥ ವಸ್ತುವನ್ನು ಬೆರೆಸಿ ಒಲೆಯಲ್ಲಿ ಬೇಯಿಸಿದ ಆ ಕಪ್ಪು ಅಗ್ಗವೂ ಗಟ್ಟಿಯೂ ಆಗಿತ್ತು.

ಡ್ಯೂಪಾಂಟ್ ಕಂಪನಿಯೂ ಜನರಲ್ ಮೋಟಾರ್ಸ್ ಕಂಪನಿಯೂ ಕೂಡಿ ಬೆಳಕಿಗೆ ತಂದ ಡ್ಯೂಕೋ ಎಂಬ ಹೊಸ ಲೇಪವು ಈ ಸ್ಥಿತಿಯನ್ನು ಬದಲಿಸಿತು. ಸಿಡಿಮದ್ದಿನ ಹತ್ತಿಗೆ ಹತ್ತಿರದ ಬಂಧುವಾದ ನೈಟ್ರೋಸೆಲ್ಯುಲೋಸಿನಿಂದ ಮಾಡಿದ ಈ ಲೇಪವು ೧೯೨೪ರ ಮಾದರಿಯ ಓಕ್ಲೆಂಡ್ ಬಂಡಿಗಳ ಮೇಲೆ ನೀಲಿಯಾಗಿ ಹೊರಬಿತ್ತು. ವಾರಗಳ ಕೆಲಸವು ಗಂಟೆಗಳಿಗೆ ಇಳಿಯಿತು, ಬಣ್ಣಗಳು ಬಗೆಬಗೆಯಾದುವು. ಬಳಿಕ ಆಲ್ಕಿಡ್, ಆಕ್ರಿಲಿಕ್ ಲೇಪಗಳು ಬಂದುವು. ೧೯೬೦ರ ದಶಕದಲ್ಲಿ ಬಂಡಿಯ ಮೈಯನ್ನೇ ತೊಟ್ಟಿಯಲ್ಲಿ ಅದ್ದಿ ವಿದ್ಯುತ್ತಿನಿಂದ ತುಕ್ಕುತಡೆಯ ಪದರವನ್ನು ಕೂಡಿಸುವ ಕ್ರಮ ರೂಢಿಗೆ ಬಂದಿತು. ೧೯೮೦ರ ದಶಕದಲ್ಲಿ ಬಣ್ಣದ ಪದರದ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರವನ್ನು ಹೊದಿಸುವ ಪದ್ಧತಿಯು ವ್ಯಾಪಕವಾಯಿತು. ಇಂದಿನ ಬಂಡಿಯ ಮೈಮೇಲಿರುವುದು ಈ ನಾಲ್ಕು ಪದರಗಳ ವ್ಯವಸ್ಥೆಯೇ: ಕೆಳಗೆ ವಿದ್ಯುಲ್ಲೇಪ, ನಡುವೆ ಸಮತಲ ಮಾಡುವ ಪದರ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕ ಪದರ. ಎಲ್ಲವೂ ಕೂಡಿ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನು ದಪ್ಪ. ಮನುಷ್ಯನ ಒಂದೆರಡು ತಲೆಗೂದಲಿನಷ್ಟು. ಇಷ್ಟರೊಳಗೆ ಬಂಡಿಯ ರೂಪವೂ ರಕ್ಷಣೆಯೂ ಅಡಗಿರಬೇಕು.

ಬಾಳಿಕೆಯ ಪರೀಕ್ಷೆಯಲ್ಲಿ ಮೊದಲನೆಯ ಉಪಾಯವು ಅತ್ಯಂತ ಸರಳವಾದುದು: ಲೇಪಿಸಿದ ಹಲಗೆಯನ್ನು ಬಯಲಿನಲ್ಲಿ ನಿಲ್ಲಿಸಿ ನೋಡುತ್ತಿರುವುದು. ಅಮೆರಿಕದ ಉತ್ತರ ಡಕೋಟದ ಕೃಷಿವಿದ್ಯಾಲಯದಲ್ಲಿ ೧೯೦೬ರ ಸುಮಾರಿಗೆ ಇಂಥ ಹಲಗೆಗಳನ್ನು ಬೇಲಿಯಂತೆ ಸಾಲಾಗಿ ನಿಲ್ಲಿಸಿ ಮಾರುಕಟ್ಟೆಯ ಬಣ್ಣಗಳ ಸತ್ಯಾಸತ್ಯತೆಯನ್ನು ಪರೀಕ್ಷಿಸಲಾಯಿತು. ಕ್ರಮೇಣ ಬೇಲಿಗಳು ಫ್ಲಾರಿಡದ ದಕ್ಷಿಣ ತುದಿಗೆ ಸರಿದುವು. ಅಲ್ಲಿಯ ಬಿಸಿಲು ತೀಕ್ಷ್ಣ, ಮಳೆ ಧಾರಾಳ. ಅದಕ್ಕಿಂತಲೂ ಮುಖ್ಯವಾಗಿ ರಾತ್ರಿಯ ಇಬ್ಬನಿಯು ಗಂಟೆಗಟ್ಟಲೆ ಲೇಪದ ಮೇಲೆ ಕುಳಿತಿರುತ್ತದೆ. ದಕ್ಷಿಣಾಭಿಮುಖವಾಗಿ, ನೆಲಮಟ್ಟಕ್ಕೆ ಕೇವಲ ೫ ಅಂಶ ಓರೆಯಾಗಿ, ಕಪ್ಪು ಪೆಟ್ಟಿಗೆಗಳ ಮೇಲೆ ಹಲಗೆಗಳನ್ನು ಇರಿಸುವುದು ವಾಹನಲೇಪಗಳಿಗೆ ಅಲ್ಲಿಯ ರೂಢಿ. ಕೆಳಗಿನ ಪೆಟ್ಟಿಗೆ ಕಾದು ನಿಂತ ಬಂಡಿಯ ಮುಚ್ಚಳದ ಬಿಸಿಯನ್ನು ಅನುಕರಿಸುತ್ತದೆ. ಒಣ ಬಿಸಿಲಿಗೆ ಅರಿಜೋನದ ಮರುಭೂಮಿಯನ್ನು ಆರಿಸಿಕೊಂಡರು. ಅಲ್ಲಿ ಸೂರ್ಯನನ್ನು ಅನುಸರಿಸಿ ತಿರುಗುವ ಹತ್ತು ಕನ್ನಡಿಗಳಿಂದ ಬೆಳಕನ್ನು ಒಂದೇ ಹಲಗೆಯ ಮೇಲೆ ಕೂಡಿಸಿ ಕಾಲವನ್ನು ಹಿಂಡುವ ಯಂತ್ರವೂ ಉಂಟು. ಬಿಸಿಲನ್ನೇ ಬಳಸುವುದರಿಂದ ಈ ಉಪಾಯದಲ್ಲಿ ಬೆಳಕಿನ ಸ್ವರೂಪದ ವಿಷಯವಾಗಿ ಆಕ್ಷೇಪಣೆಗೆ ಅವಕಾಶ ಕಡಮೆ.

ಆದರೆ ವ್ಯಾಪಾರಕ್ಕೆ ಬಿಸಿಲಿಗಾಗಿ ಕಾಯುವ ತಾಳ್ಮೆಯಿಲ್ಲ. ಇಂಗಾಲದ ಚಾಪದೀಪದ ಮುಂದೆ ಹಲಗೆಗಳನ್ನು ಸುತ್ತಿಸಿ, ನಡುನಡುವೆ ನೀರೆರಚುವ ಹವಾಯಂತ್ರಗಳು ೧೯೨೦ರ ದಶಕದಲ್ಲಿಯೇ ಷಿಕಾಗೊ ನಗರದಲ್ಲಿ ತಯಾರಾದುವು. ೧೯೫೦ರ ದಶಕದಲ್ಲಿ ಇಂಗಾಲದ ಬದಲು ಸೂರ್ಯಪ್ರಕಾಶಕ್ಕೆ ಹೆಚ್ಚು ಹತ್ತಿರವಾದ ಕ್ಸೆನಾನ್ ದೀಪವು ಬಂದಿತು. ಇಂಥ ಯಂತ್ರದಲ್ಲಿ ಸಾವಿರ ಗಂಟೆ ಕಳೆದರೆ ಫ್ಲಾರಿಡದ ಇಷ್ಟು ವರ್ಷಕ್ಕೆ ಸಮ ಎಂಬ ಸಮೀಕರಣಗಳು ಬಹು ಸುಲಭವಾಗಿ ಬಾಯಿಂದ ಬಾಯಿಗೆ ಹರಡಿದುವು. ಎಡವಿದ್ದು ಇಲ್ಲಿಯೇ.

ಅದು ಏಕೆಂಬುದನ್ನು ಸ್ವಲ್ಪ ವಿವರಿಸಬೇಕು. ಲೇಪವನ್ನು ಮುಖ್ಯವಾಗಿ ಕೆಡಿಸುವುದು ಸೂರ್ಯಪ್ರಕಾಶದ ನೇರಳಾತೀತ ಕಿರಣಗಳು. ಅವು ಪಾಲಿಮರಿನ ಬಂಧಗಳನ್ನು ಮುರಿಯುವುವು. ಮುರಿದ ತುದಿಗಳನ್ನು ಗಾಳಿಯ ಆಮ್ಲಜನಕವು ಹಿಡಿಯುವುದು. ಅಲ್ಲಿಂದ ಮುಂದೆ ಒಂದು ಮುರಿತವು ಇನ್ನೊಂದಕ್ಕೆ ದಾರಿಮಾಡುವುದು. ಆದರೆ ಭೂಮಿಯ ಮೇಲಿನ ಬಿಸಿಲಿನಲ್ಲಿ ಸುಮಾರು ೨೯೫ ನ್ಯಾನೊಮೀಟರಿಗಿಂತ ಕಿರಿದಾದ ಅಲೆಗಳು ಇರುವುದೇ ಇಲ್ಲ. ಅವುಗಳನ್ನು ವಾಯುಮಂಡಲದ ಓಜೋನ್ ತಡೆದುಬಿಡುತ್ತದೆ. ಹಳೆಯ ಯಂತ್ರವಿಧಿಗಳ ದೀಪಗಳಲ್ಲಿಯಾದರೋ ಅದಕ್ಕಿಂತ ಕಿರಿದಾದ ಅಲೆಗಳೂ ಸೋರುತ್ತಿದ್ದುವು. ಪ್ರಕೃತಿಯಲ್ಲಿ ಎಂದೂ ಮುರಿಯದ ಬಂಧಗಳು ಯಂತ್ರದಲ್ಲಿ ಮುರಿದುವು. ನೀರಿನ ವಿಷಯದಲ್ಲಿ ತಪ್ಪು ವಿರುದ್ಧ ದಿಕ್ಕಿನದು. ಫ್ಲಾರಿಡದ ಹಲಗೆಯು ರಾತ್ರಿಯೆಲ್ಲ ನೆನೆದು ನೀರನ್ನು ಒಳಕ್ಕೆ ಹೀರುತ್ತದೆ, ಹಗಲು ಒಣಗಿ ಕುಗ್ಗುತ್ತದೆ. ಯಂತ್ರದ ನೀರು ಮೈಯನ್ನು ತೋಯಿಸಿ ಜಾರಿಹೋಗುತ್ತಿತ್ತು. ಹೀಗೆ ಬೆಳಕು ಅತಿಯಾಗಿ, ನೀರು ಮಿತಿಯಾಗಿ, ಯಂತ್ರವು ಕೆಟ್ಟ ಲೇಪವನ್ನು ಕೆಲವೊಮ್ಮೆ ಮೇಲೆತ್ತಿತು, ಒಳ್ಳೆಯದನ್ನು ಕೆಲವೊಮ್ಮೆ ಕೆಳಗಿಳಿಸಿತು. ಬರಿಯ ವೇಗದಲ್ಲಿ ತಪ್ಪಿದ್ದರೆ ಒಂದು ಗುಣಕದಿಂದ ಸರಿಪಡಿಸಬಹುದಿತ್ತು. ಕ್ರಮದಲ್ಲಿಯೇ ತಪ್ಪಿದ್ದರಿಂದ ಯಾವ ಗುಣಕವೂ ನೆರವಾಗಲಿಲ್ಲ. ಶಾಖದ ವಿಷಯವೂ ಹಾಗೆಯೇ. ಶಾಖ ಏರಿದಂತೆ ರಾಸಾಯನಿಕ ಕ್ರಿಯೆಯು ವೇಗಗೊಳ್ಳುವುದನ್ನು ಸ್ವೀಡನ್ನಿನ ಅರ‍್ಹೇನಿಯಸ್ ೧೮೮೯ರಲ್ಲಿ ಸೂತ್ರಕ್ಕೆ ಇಳಿಸಿದ್ದನು. ಆದರೆ ಗಟ್ಟಿಯಾದ ಲೇಪವು ಮೆತ್ತಗಾಗುವ ಮೇರೆಯನ್ನು ದಾಟಿ ಕಾಯಿಸಿದರೆ ವೇಗವಲ್ಲ, ಕ್ರಿಯೆಯೇ ಬೇರೆಯಾಗುತ್ತದೆ. ಮಾವಿನಕಾಯನ್ನು ಹುಲ್ಲಿನಲ್ಲಿಟ್ಟರೆ ಬೇಗ ಹಣ್ಣಾಗುವುದು. ಕುದಿಯುವ ನೀರಿನಲ್ಲಿಟ್ಟರೆ ಇನ್ನೂ ಬೇಗ ಹಣ್ಣಾಗುವುದಿಲ್ಲ, ಬೆಂದುಹೋಗುವುದು.

ಈ ತಪ್ಪುಗಳು ಶಾಸ್ತ್ರಗ್ರಂಥದ ಅಡಿಟಿಪ್ಪಣಿಗಳಾಗಿ ಉಳಿಯಲಿಲ್ಲ, ರಸ್ತೆಗೆ ಬಂದುವು. ೧೯೮೦ರ ದಶಕದ ಕೊನೆಯಲ್ಲಿಯೂ ೧೯೯೦ರ ದಶಕದ ಮೊದಲಿನಲ್ಲಿಯೂ ಅಮೆರಿಕದ ಕೆಲವು ತಯಾರಕರ ಬಂಡಿಗಳ ಬಣ್ಣವು ಹಾಳೆಹಾಳೆಯಾಗಿ ಎದ್ದುಬರತೊಡಗಿತು. ಖರ್ಚನ್ನೂ ಕೆಲಸವನ್ನೂ ಉಳಿಸುವುದಕ್ಕಾಗಿ ನಡುವಿನ ಪದರವನ್ನು ಕೈಬಿಟ್ಟಿದ್ದರು. ಪಾರದರ್ಶಕ ಪದರವನ್ನೂ ಬಣ್ಣದ ಪದರವನ್ನೂ ತೂರಿಕೊಂಡು ಹೋದ ನೇರಳಾತೀತ ಕಿರಣಗಳು ಕೆಳಗಿನ ವಿದ್ಯುಲ್ಲೇಪವನ್ನು ಮುಟ್ಟಿದುವು. ಅದರಲ್ಲಿರುವ ಎಪಾಕ್ಸಿಯು ತುಕ್ಕನ್ನು ತಡೆಯುವುದರಲ್ಲಿ ಶೂರ, ಬೆಳಕಿಗೆ ಅಧೀರ. ಅದರ ಮೇಲ್ಮೈ ಸುಣ್ಣದಂತೆ ಪುಡಿಯಾಯಿತು. ಪುಡಿಯ ಮೇಲೆ ನಿಂತಿದ್ದುದು ಕಳಚಿಬಿತ್ತು. ಇದರಲ್ಲಿ ಗಮನಿಸಬೇಕಾದುದು ಬೇರೊಂದು ಸಂಗತಿ. ಹಾಳೆಯಾಗಿ ಬಿದ್ದ ಬಣ್ಣದ ಹೊಳಪು ಬೀಳುವ ದಿನದವರೆಗೂ ಚೆನ್ನಾಗಿತ್ತು. ಹೊಳಪನ್ನೇ ಬಾಳಿಕೆಯೆಂದು ಅಳೆಯುತ್ತಿದ್ದ ಪರೀಕ್ಷಕನಿಗೆ ಕಾಣುವಂತಹ ಯಾವ ಸೂಚನೆಯೂ ಇರಲಿಲ್ಲ. ಪಾರದರ್ಶಕ ಪದರದಲ್ಲಿ ಸೇರಿಸುವ ಕಿರಣಶೋಷಕ ದ್ರವ್ಯಗಳ ಸ್ವಭಾವವೂ ಈ ಬಗೆಯದೇ. ಅವು ಇರುವವರೆಗೆ ಎಲ್ಲವೂ ಹೊಸದರಂತೆ ಕಾಣುತ್ತದೆ; ಅವು ಮೆಲ್ಲಮೆಲ್ಲನೆ ತೀರುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ; ತೀರಿದ ಮೇಲೆ ಪತನವು ತ್ವರಿತ. ಎಣ್ಣೆಯಿರುವವರೆಗೆ ದೀಪದ ಉರಿ ಕುಗ್ಗದಿರುವಂತೆ.

ಅದೇ ಕಾಲದಲ್ಲಿ ಫ್ಲಾರಿಡದ ಜಾಕ್ಸನ್‌ವಿಲ್ ಬಂದರಿನಿಂದ ಇನ್ನೊಂದು ದೂರು ಬಂದಿತು. ಹಡಗಿನ ಸಾಗಾಣಿಕೆಗಾಗಿ ಬಯಲಿನಲ್ಲಿ ನಿಂತಿದ್ದ ಹೊಚ್ಚಹೊಸ ಬಂಡಿಗಳ ಪಾರದರ್ಶಕ ಪದರದ ಮೇಲೆ ಒರಸಿದರೂ ಹೋಗದ ಕಲೆಗಳೂ ಸಣ್ಣ ಗುಳಿಗಳೂ ಬಿದ್ದಿದ್ದುವು. ಗಾಳಿಯ ಆಮ್ಲವು ಇಬ್ಬನಿಯಲ್ಲಿ ಸೇರಿ, ಬಿಸಿಲಿಗೆ ನೀರು ಆರುತ್ತ ಬಂದಂತೆ ಆ ಆಮ್ಲವು ತೀಕ್ಷ್ಣವಾಗಿ, ಮೆಲಮೀನ್ ಬೆಸುಗೆಯ ಪದರವನ್ನು ಕೊರೆದಿತ್ತು. ವರ್ಷಗಳ ಬಿಸಿಲನ್ನು ತಡೆಯಬಲ್ಲ ಲೇಪವು ಒಂದು ಬೇಸಿಗೆಯ ಇಬ್ಬನಿಗೆ ಸೋತಿತು. ಅಂದಿನಿಂದ ಆ ಊರೇ ಒಂದು ಪರೀಕ್ಷಾಲಯವಾಯಿತು. ಆಮ್ಲದ ಕೊರೆತವನ್ನು ತಿಳಿಯಲು ತಯಾರಕರು ತಮ್ಮ ಹಲಗೆಗಳನ್ನು ಬೇಸಿಗೆಯಲ್ಲಿ ಅಲ್ಲಿಗೇ ಕಳುಹಿಸತೊಡಗಿದರು.

ಯಂತ್ರವನ್ನು ತಿದ್ದುವ ಕೆಲಸಕ್ಕೆ ಬಹಳ ಕಾಲ ಹಿಡಿಯಿತು. ಬಂಡಿ, ವಿಮಾನ, ಬಣ್ಣ, ಯಂತ್ರ ಎಂಬ ನಾಲ್ಕು ಬಗೆಯ ತಯಾರಕರ ಪ್ರಯೋಗಜ್ಞರು ಕೂಡಿ ನಡೆಸಿದ ಶೋಧನೆಯ ಫಲವಾಗಿ ೨೦೧೩ರಲ್ಲಿ ಎ.ಎಸ್.ಟಿ.ಎಂ. ಸಂಸ್ಥೆಯು ಡಿ ೭೮೬೯ ಎಂಬ ವಿಧಿಯನ್ನು ಪ್ರಕಟಿಸಿತು. ದೀಪದ ಬೆಳಕನ್ನು ಬಿಸಿಲಿನ ಮೇರೆಯೊಳಗೆ ನಿಲ್ಲಿಸುವ ಸೋಸುಗಾಜು, ಕತ್ತಲೆಯಲ್ಲಿ ಗಂಟೆಗಟ್ಟಲೆ ನೆನೆಸುವ ಕ್ರಮ, ಎಷ್ಟು ನೀರು ಹಲಗೆಗೆ ತಾಗಿತೆಂಬುದರ ಅಳತೆ ಇವು ಅದರ ವಿಶೇಷಗಳು. ಇಲ್ಲಿ ಬುದ್ಧಿಯ ನಡೆ ತಿರುಗುಮುರುಗಾದುದು ಸ್ವಾರಸ್ಯವಾಗಿದೆ. ಮೊದಲಿನವರು ಯಂತ್ರವನ್ನು ನಿರ್ಮಿಸಿ ಅದರ ಗಂಟೆಗಳನ್ನು ಫ್ಲಾರಿಡದ ವರ್ಷಗಳಾಗಿ ಭಾಷಾಂತರಿಸಹೊರಟರು. ಈಚಿನವರು ಫ್ಲಾರಿಡದಲ್ಲಿ ಲೇಪವು ಹೇಗೆ ಸಾಯುವುದೆಂಬುದನ್ನು ಮೊದಲು ಓದಿ, ಅದೇ ಸಾವನ್ನು ತರುವಂತೆ ಯಂತ್ರವನ್ನು ತಿದ್ದಿದರು.

ತುಕ್ಕಿನ ಪರೀಕ್ಷೆಯಲ್ಲಿಯೂ ಇದೇ ಕಥೆ. ಉಪ್ಪುನೀರಿನ ಮಂಜಿನಲ್ಲಿ ಲೋಹವನ್ನು ಇರಿಸುವ ಪರೀಕ್ಷೆಯನ್ನು ೧೯೧೪ರಲ್ಲಿ ಸೂಚಿಸಲಾಯಿತು. ೧೯೩೯ರಲ್ಲಿ ಅದಕ್ಕೆ ಬಿ ೧೧೭ ಎಂಬ ವಿಧಿಯ ರೂಪ ಬಂದಿತು. ನೂರಕ್ಕೆ ೫ ಪಾಲು ಉಪ್ಪು, ೩೫ ಅಂಶ ಸೆಂಟಿಗ್ರೇಡು ಶಾಖ, ಎಡೆಬಿಡದ ಮಂಜು ಎಂಬುದು ಅದರ ಸಾರ. ಆದರೆ ರಸ್ತೆಯ ಬಂಡಿಯು ಎಡೆಬಿಡದೆ ನೆನೆಯುವುದಿಲ್ಲ, ನೆನೆದು ಒಣಗುತ್ತದೆ. ಒಣಗುವಾಗ ಸತುವಿನ ಮೇಲೆ ಕಾಪಾಡುವ ಪೊರೆಯೊಂದು ಕೂಡಿಕೊಳ್ಳುವುದು. ಮಂಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಹೀಗಾಗಿ ಸತುವು ಪೆಟ್ಟಿಗೆಯಲ್ಲಿ ಹೇಡಿಯಂತೆಯೂ ರಸ್ತೆಯಲ್ಲಿ ವೀರನಂತೆಯೂ ವರ್ತಿಸುವುದು. ನೆನೆಸಿ, ಒಣಗಿಸಿ, ಮತ್ತೆ ನೆನೆಸುವ ಆವರ್ತನ ಪರೀಕ್ಷೆಗಳನ್ನು ತಯಾರಕರು ಕೈಕೊಂಡದ್ದು ಇದನ್ನು ಅರಿತ ಮೇಲೆಯೇ.

ಇಷ್ಟೂ ಕಾರ್ಖಾನೆಯ ಲೇಪಗಳ ಮಾತಾಯಿತು. ಬಂಡಿಯನ್ನು ಕೊಂಡವನು ಅದರ ಮೇಲೆ ತಾನು ಹಚ್ಚಿಸುವ ರಕ್ಷಾಲೇಪದ ವಿಷಯದಲ್ಲಿ ಪರೀಕ್ಷೆಯು ಇನ್ನೂ ಸೂಕ್ಷ್ಮವಾಗುತ್ತದೆ. ಮೊದಲು ಈ ಕೆಲಸಕ್ಕೆ ಬಳಸುತ್ತಿದ್ದುದು ಮೇಣ. ಅದರ ಬಾಳಿಕೆ ವಾರಗಳದ್ದು, ಹೆಚ್ಚೆಂದರೆ ಕೆಲವು ತಿಂಗಳದ್ದು. ಈಚೆಗೆ ಅದರ ಸ್ಥಾನಕ್ಕೆ ಬಂದಿರುವುದು ಸಿಲಿಕಾನಿನ ಸಂಯುಕ್ತಗಳು. ಇವು ಗಾಳಿಯ ತೇವದೊಡನೆ ಕೂಡಿ, ಗಾಜಿಗೆ ದೂರದ ಬಂಧುವೆನ್ನಬಹುದಾದ ತೆಳುವಾದ ಜಾಲವಾಗಿ ಗಟ್ಟಿಗೊಳ್ಳುವುವು. ‘ಸೆರಾಮಿಕ್’ ಎಂಬ ಹೆಸರು ಈ ದೂರದ ಬಂಧುತ್ವದಿಂದ ಬಂದುದು. ಕುಂಬಾರನ ಆವಿಗೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ದಪ್ಪವು ಸಾಮಾನ್ಯವಾಗಿ ಒಂದೆರಡು ಮೈಕ್ರಾನನ್ನು ಮೀರದು. ಬಣ್ಣದ ದಪ್ಪವನ್ನು ಅಳೆಯುವ ಕೈಯುಪಕರಣಗಳ ತಪ್ಪಿನ ಅಂಚೇ ಸರಿಸುಮಾರು ಅಷ್ಟಿರುವುದರಿಂದ ಲೇಪವು ಉಂಟೋ ಇಲ್ಲವೋ ಎಂಬುದನ್ನು ಕೂಡ ಅವು ನಿಶ್ಚಯವಾಗಿ ಹೇಳಲಾರವು. ಇಲ್ಲಿ ಪ್ರತ್ಯಕ್ಷ ಪ್ರಮಾಣ ಕುಂಟುವುದರಿಂದ ಅನುಮಾನಕ್ಕೆ ಶರಣಾಗಬೇಕಾಗುತ್ತದೆ; ಅನುಮಾನದಲ್ಲಿ ಹೇತ್ವಾಭಾಸಗಳು ನುಸುಳುವುವು.

ಅವುಗಳಲ್ಲಿ ಮೊದಲನೆಯದು ‘೯ ಎಚ್’ ಎಂಬ ಬಿರುದು. ಸೀಸೆಗಳ ಮೇಲೆ ಇದು ತಪ್ಪದೆ ಕಾಣುತ್ತದೆ. ಖನಿಜಗಳ ಕಾಠಿಣ್ಯಕ್ಕೆ ೧೮೧೨ರಲ್ಲಿ ಫ್ರೀಡ್ರಿಕ್ ಮೋಸ್ ಎಂಬಾತನು ಒಂದರಿಂದ ಹತ್ತರವರೆಗೆ ಮೆಟ್ಟಿಲುಗಳನ್ನು ಏರ್ಪಡಿಸಿದನು. ಅದರಲ್ಲಿ ಹತ್ತು ವಜ್ರ, ಒಂಬತ್ತು ಕುರುಂದ. ಆದುದರಿಂದ ‘೯ ಎಚ್’ ಎಂದೊಡನೆ ವಜ್ರಕ್ಕೆ ಒಂದೇ ಮೆಟ್ಟಿಲು ಕೆಳಗೆಂಬ ಭ್ರಾಂತಿ ಹುಟ್ಟುವುದು ಸಹಜ. ನಿಜವಾಗಿ ಇದು ಸೀಸದಕಡ್ಡಿಯ ಮೆಟ್ಟಿಲು. ಚಿತ್ರಗಾರನ ಪೆಟ್ಟಿಗೆಯಲ್ಲಿ ಅತಿ ಗಟ್ಟಿಯಾದ ಕಡ್ಡಿಯ ಹೆಸರು. ಕಡ್ಡಿಯನ್ನು ೪೫ ಅಂಶ ಓರೆಯಾಗಿ, ೭೫೦ ಗ್ರಾಂ ಭಾರದಿಂದ ಲೇಪದ ಮೇಲೆ ತಳ್ಳಿದಾಗ ಗೀರು ಬೀಳದಿದ್ದರೆ ಲೇಪಕ್ಕೆ ಆ ಕಡ್ಡಿಯ ಹೆಸರು ಬರುವುದು. ಕಡ್ಡಿಯಲ್ಲಿರುವುದು ಗ್ರಾಫೈಟೂ ಜೇಡಿಮಣ್ಣೂ. ರಸ್ತೆಯ ಧೂಳಿನಲ್ಲಿರುವುದು ಬೆಣಚುಕಲ್ಲಿನ ಪುಡಿ, ಮೋಸನ ಮೆಟ್ಟಿಲಿನಲ್ಲಿ ಏಳನೆಯದು. ಧೂಳಿನ ಬಟ್ಟೆಯಿಂದ ಒರಸಿದ ೯ ಎಚ್ ಲೇಪದ ಮೇಲೆ ಸುಳಿಗೀರುಗಳು ಬೀಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಮೇಲಾಗಿ ಒಂದು ಮೈಕ್ರಾನಿನ ಲೇಪದ ಮೇಲೆ ಕಡ್ಡಿಯನ್ನು ಒತ್ತಿದಾಗ ಉತ್ತರ ಕೊಡುವುದು ಬಹುಮಟ್ಟಿಗೆ ಕೆಳಗಿನ ಮೆತ್ತನೆಯ ಪದರ. ಗೀರಿನ ಪರೀಕ್ಷೆಗೆ ಇದಕ್ಕಿಂತ ಯೋಗ್ಯವಾದುದು ಐ.ಎಸ್.ಒ. ೨೦೫೬೬ ವಿಧಿಯ ತೊಳೆಯುವ ಯಂತ್ರ: ಬೆಣಚಿನ ನುಣ್ಣನೆಯ ಪುಡಿಯನ್ನು ಬೆರೆಸಿದ ನೀರಿನಲ್ಲಿ ತಿರುಗುವ ಕುಂಚದ ಕೆಳಗೆ ಹಲಗೆಯನ್ನು ಹಲವು ಸಲ ಹಾಯಿಸಿ, ೨೦ ಅಂಶದ ಕೋನದಲ್ಲಿ ಹೊಳಪು ಎಷ್ಟು ಕುಂದಿತೆಂದು ಅಳೆಯುವರು. ನಿತ್ಯದ ಕೆಡುಕಿಗೆ ಇದು ಹತ್ತಿರ. ಆದರೆ ಜಾಹೀರಾತಿನಲ್ಲಿ ಇದರ ಹೆಸರು ವಿರಳ.

ಎರಡನೆಯ ಹೇತುವು ನೀರಿನ ಹನಿ. ಲೇಪಿಸಿದ ಬಂಡಿಯ ಮೇಲೆ ನೀರು ಹರಡದೆ ಮುತ್ತಿನಂತೆ ದುಂಡಗೆ ನಿಲ್ಲುವುದನ್ನು ತೋರಿಸಿ, ಲೇಪವು ಇನ್ನೂ ಜೀವದಿಂದಿದೆಯೆಂದು ಸಾಧಿಸುವುದು ಸಾರ್ವತ್ರಿಕವಾದ ರೂಢಿ. ತಾವರೆಯೆಲೆಯ ಮೇಲಿನ ನೀರು ನಮ್ಮ ಕವಿಗಳಿಗೂ ವೇದಾಂತಿಗಳಿಗೂ ಚಿರಪರಿಚಿತವಾದ ದೃಷ್ಟಾಂತವಷ್ಟೆ. ಎಲೆಯ ಮೇಲಿನ ಸೂಕ್ಷ್ಮವಾದ ಉಬ್ಬುಗಳೂ ಮೇಣವೂ ಅದಕ್ಕೆ ಕಾರಣವೆಂಬುದನ್ನೂ, ಉರುಳುವ ಹನಿಯು ಧೂಳನ್ನು ಹೊತ್ತೊಯ್ಯುವುದನ್ನೂ ಬಾರ್ತ್‌ಲಾಟ್, ನೈನ್‌ಹೌಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞರು ೧೯೯೭ರಲ್ಲಿ ವಿವರವಾಗಿ ತೋರಿಸಿದರು. ಹನಿಯ ಅಂಚು ಮೇಲ್ಮೈಯೊಡನೆ ಮಾಡುವ ಕೋನವನ್ನು ಅಳೆಯುವ ತತ್ತ್ವವು ೧೮೦೫ರಲ್ಲಿ ಥಾಮಸ್ ಯಂಗನು ಪ್ರತಿಪಾದಿಸಿದುದು. ತಾವರೆಯೆಲೆಯ ಮೇಲೆ ಆ ಕೋನ ೧೫೦ ಅಂಶವನ್ನು ಮೀರುತ್ತದೆ. ನುಣುಪಾದ ಮೇಲ್ಮೈಯಲ್ಲಿ ಯಾವ ದ್ರವ್ಯದಿಂದಲೂ ಸುಮಾರು ೧೨೦ನ್ನು ದಾಟುವುದು ಸಾಧ್ಯವಿಲ್ಲ. ಸೆರಾಮಿಕ್ ಲೇಪಗಳು ಸಾಮಾನ್ಯವಾಗಿ ೧೦೦ ಮತ್ತು ೧೧೦ರ ನಡುವೆ ನಿಲ್ಲುವುವು. ತಾವರೆಯ ಚಿತ್ರವನ್ನು ಸೀಸೆಯ ಮೇಲೆ ಅಚ್ಚುಮಾಡುವವರು ಈ ಅಂತರವನ್ನು ಹೇಳುವುದಿಲ್ಲ.

ಹೊಗೆಯಿಂದ ಬೆಂಕಿಯನ್ನು ಊಹಿಸುವುದು ತರ್ಕದ ಪ್ರಸಿದ್ಧ ಉದಾಹರಣೆ. ಹೊಗೆಯಿರುವಲ್ಲೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿಯಿದ್ದರೆ ಮಾತ್ರ ಆ ಊಹೆ ಸಾಧು. ದುಂಡುಹನಿಯಿರುವಲ್ಲೆಲ್ಲ ಲೇಪವುಂಟೆಂಬ ವ್ಯಾಪ್ತಿಯಿದೆಯೆ? ಇಲ್ಲ. ಮೇಣ ಹಚ್ಚಿದ ಮೈಮೇಲೆಯೂ ಹನಿ ದುಂಡಗಾಗುವುದು. ತೊಳೆದ ಸಾಬೂನಿನಲ್ಲಿ ಸಿಲಿಕೋನ್ ಸೇರಿದ್ದರೂ ದುಂಡಗಾಗುವುದು. ಸಾಧ್ಯವಿಲ್ಲದೆಡೆಯಲ್ಲಿಯೂ ಹೇತುವು ಕಾಣಿಸಿಕೊಳ್ಳುವುದರಿಂದ ಇದು ಸವ್ಯಭಿಚಾರ. ಇನ್ನು ಹನಿಯಿಲ್ಲದಿದ್ದರೆ ಲೇಪವಿಲ್ಲವೆಂದು ಹೇಳಬಹುದೆ? ಅದೂ ಸಲ್ಲದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗೆಯೇ ರಸ್ತೆಯ ಜಿಡ್ಡು, ಗಡಸುನೀರಿನ ಸುಣ್ಣ, ಮರದ ಅಂಟು ಕೂತ ಲೇಪದ ಮೇಲೆ ನೀರು ಹರಡಿಹೋಗುವುದು; ನಯವಾದ ಆಮ್ಲದಿಂದ ಆ ಸುಣ್ಣವನ್ನು ತೊಳೆದೊಡನೆ ಸತ್ತಿತೆಂದುಕೊಂಡ ಲೇಪವು ಮತ್ತೆ ಹನಿಗೂಡಿ ನಿಲ್ಲುವುದು. ಎಷ್ಟೋ ಲೇಪಗಳನ್ನು ಜೀವವಿರುವಾಗಲೇ ಹೂಳಲಾಗಿದೆ, ಎಷ್ಟೋ ಸತ್ತವುಗಳನ್ನು ಸಿಂಗರಿಸಿ ಕೂಡಿಸಲಾಗಿದೆ. ದುಂಡುಹನಿಯು ರಕ್ಷಣೆಯೇ ಎಂಬುದೂ ಸಂದೇಹಾಸ್ಪದ. ಕೋಲಾರ, ಚಿಕ್ಕಬಳ್ಳಾಪುರಗಳ ಕೊಳವೆಬಾವಿಯ ಗಡಸುನೀರು ಹನಿಯಾಗಿ ನಿಂತು ಬಿಸಿಲಿನಲ್ಲಿ ಆರಿದರೆ ಪ್ರತಿಯೊಂದು ಹನಿಯೂ ತನ್ನ ಸುಣ್ಣದ ಉಂಗುರವನ್ನು ಬಿಟ್ಟುಹೋಗುವುದು. ಹನಿಯು ಎಷ್ಟು ದುಂಡಗೆ ನಿಂತಿತೆಂಬುದಕ್ಕಿಂತ ಎಷ್ಟು ಓರೆಗೆ ಉರುಳಿತೆಂಬುದನ್ನು ಅಳೆಯುವುದು ಮೇಲು. ಉರುಳಿ ಹೋದ ನೀರು ಕಲೆಯನ್ನು ಬಿಡಲಾರದು.

ಹಾಗಾದರೆ ಇಂಥ ಲೇಪವನ್ನು ಪರೀಕ್ಷಿಸುವ ಬಗೆಯೇನು? ಮುಖ್ಯವಾಗಿ ಬೇಕಾದುದು ಹೋಲಿಕೆ. ಒಂದೇ ಬಂಡಿಯ ಮುಂದಿನ ಮುಚ್ಚಳವನ್ನು ಪಟ್ಟಿಗಳಾಗಿ ವಿಂಗಡಿಸಿ, ಒಂದು ಪಟ್ಟಿಗೆ ಏನನ್ನೂ ಹಚ್ಚದೆ, ಒಂದಕ್ಕೆ ಮೇಣವನ್ನು, ಉಳಿದುವಕ್ಕೆ ಪರೀಕ್ಷಿಸಬೇಕಾದ ಲೇಪಗಳನ್ನು ಹಚ್ಚಿದರೆ ಬಿಸಿಲು, ಮಳೆ, ಧೂಳು, ತೊಳೆತ ಎಲ್ಲಕ್ಕೂ ಸಮಾನವಾಗುವುದು. ಮುಚ್ಚಳವನ್ನೇ ಆರಿಸಿಕೊಳ್ಳಬೇಕು, ಮೇಲ್ಮುಖವಾದ ಭಾಗವು ಬಿಸಿಲನ್ನೂ ಇಬ್ಬನಿಯನ್ನೂ ಬಾಗಿಲುಗಳಿಗಿಂತ ಹೆಚ್ಚಾಗಿ ತಾಳಬೇಕಾಗಿರುವುದರಿಂದ ಬಾಗಿಲಿನ ಮೇಲೆ ಸಿಕ್ಕಿದ ವರ್ಷಗಳು ಮುಚ್ಚಳಕ್ಕೆ ಸಲ್ಲವು. ಬಣ್ಣವನ್ನೂ ನಮೂದಿಸಬೇಕು, ಅದೇ ಬಿಸಿಲಿನಲ್ಲಿ ಕಪ್ಪು ಮೈ ಬಿಳಿಯದಕ್ಕಿಂತ ಬಹಳ ಹೆಚ್ಚು ಕಾಯುವುದು. ಅಳೆಯುವ ಮುನ್ನ ಜಿಡ್ಡನ್ನೂ ಸುಣ್ಣವನ್ನೂ ತೆಗೆದು ಮೈಯನ್ನು ಶುದ್ಧಿಗೊಳಿಸಬೇಕು. ಇಲ್ಲವಾದರೆ ಅಳೆದುದು ಲೇಪವನ್ನಲ್ಲ, ಕೊಳೆಯನ್ನು. ಇವುಗಳ ಜೊತೆಗೆ ಅದೇ ಲೇಪದ ಸಣ್ಣ ಹಲಗೆಯೊಂದನ್ನು ಕತ್ತಲೆಯಲ್ಲಿ ಕಾಪಾಡಿಟ್ಟರೆ ಆದಿಯ ಸ್ಥಿತಿ ಏನಿದ್ದಿತೆಂಬ ಚರ್ಚೆ ಎದ್ದಾಗ ಸಾಕ್ಷಿ ನುಡಿಯುವುದು. ಬಿಸಿಲಿಗೆ ಇಟ್ಟ ಹಲಗೆಗಳಿಂದ ಆಗಾಗ ಒಂದು ತುಂಡನ್ನು ಕತ್ತರಿಸಿ, ರಕ್ತಾತೀತ ಕಿರಣಗಳಿಂದ ಸಿಲಿಕಾನ್-ಆಮ್ಲಜನಕ ಬಂಧದ ಗುರುತನ್ನು ಹುಡುಕಿದರೆ ಲೇಪವು ಉಳಿದಿದೆಯೇ ಎಂಬುದಕ್ಕೆ ಹನಿಗಿಂತ ನೇರವಾದ ಉತ್ತರ ದೊರೆಯುವುದು. ಬಂಡಿಯ ಮುಚ್ಚಳವನ್ನು ಕತ್ತರಿಸಲು ಯಜಮಾನನು ಒಪ್ಪುವುದಿಲ್ಲವಾದ್ದರಿಂದ ಹಲಗೆಗಳು ಅವಶ್ಯ.

ಫಲಿತಾಂಶವನ್ನು ಹೇಳುವಾಗ ಸ್ಥಳವನ್ನೂ ಕೂಡಿಸಿಯೇ ಹೇಳಬೇಕು. ಕರಾವಳಿಯಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಗಿಲಾದ ಮಳೆ, ಉಪ್ಪುಗಾಳಿ, ಮುರಕಲ್ಲಿನ ಕೆಂಪುಧೂಳು. ಬಯಲುಸೀಮೆಯಲ್ಲಿ ಒಣಬಿಸಿಲು, ಗಡಸುನೀರು. ಮಂಗಳೂರಿನಲ್ಲಿ ಮೂರು ವರ್ಷ ನಿಂತ ಲೇಪವು ಬಳ್ಳಾರಿಯಲ್ಲಿಯೂ ಅಷ್ಟೇ ನಿಲ್ಲುವುದೆಂದು ಹೇಳಲು ಆಧಾರವಿಲ್ಲ. ಫ್ಲಾರಿಡದ ಸಂಖ್ಯೆಯನ್ನು ಎರಡು ಊರಿಗೂ ಅನ್ವಯಿಸುವುದಕ್ಕಂತೂ ಇನ್ನೂ ಕಡಮೆ.

ಕೊನೆಗೆ ಮಾರಾಟದ ಕರಾರುಗಳ ಒಂದು ಅಂಶವನ್ನು ಪರೀಕ್ಷಕನು ಮರೆಯಬಾರದು. ಹಲವು ವರ್ಷದ ಭರವಸೆ ಕೊಡುವ ಕರಾರುಗಳಲ್ಲಿ ಅನೇಕವು ವರ್ಷಕ್ಕೊಮ್ಮೆಯಾದರೂ ಬಂಡಿಯನ್ನು ತಂದು ತೋರಿಸಿ, ಅಗತ್ಯವಿದ್ದರೆ ಮೇಲುಹೊದಿಕೆಯನ್ನು ಹಚ್ಚಿಸಬೇಕೆಂದು ವಿಧಿಸುವುವು. ಹೀಗೆ ಪ್ರತಿವರ್ಷವೂ ಹೊಸದಾಗಿ ಹೊದಿಸಿದ ಮೈಮೇಲೆ ಐದನೆಯ ವರ್ಷ ಉಳಿದಿರುವುದು ಮೊದಲನೆಯ ಲೇಪವೋ ಐದನೆಯದೋ ಎಂಬುದನ್ನು ದುಂಡುಹನಿಯಾಗಲಿ, ಹೊಳಪಿನ ಅಳತೆಯಾಗಲಿ ತಿಳಿಸಲಾರದು. ಅದನ್ನು ತಿಳಿಯಬೇಕಾದರೆ ಮೊದಲ ದಿನ ಲೇಪಿಸಿ, ಆಮೇಲೆ ಬರಿಯ ನೀರಿನ ಹೊರತು ಮತ್ತೇನನ್ನೂ ಸೋಕಿಸದೆ ಬಿಟ್ಟ ಒಂದು ಗೇಣಿನ ಪಟ್ಟಿ ಅದೇ ಮುಚ್ಚಳದ ಮೇಲೆ ಇರಬೇಕು.